ರಾಜಿ ಅರ್ಜಿಗೆ ಸಹಿ ಹಾಕುವ ಮುನ್ನ ಪಹಣಿ ನೋಡಿ, ಒಡವೆ ತೂಗಿಸಿ

ಮಾನ್ಯ ಸಂಪಾದಕರೇ,

ಮದುವೆ ಮುರಿದ ಮನೆಯಲ್ಲಿ ಆಸ್ತಿಯ ವಿಷಯ ಬಂದಾಗ ನಮ್ಮ ಕೊಡಗು ಜಿಲ್ಲೆಯಲ್ಲಿ ಎರಡು ಮಾತು ತಪ್ಪದೆ ಕೇಳುತ್ತವೆ. ‘ಇದು ಜಮ್ಮಾ ಜಾಗ (ವಂಶಪಾರಂಪರ್ಯವಾಗಿ ಬಂದ ಹಿಡುವಳಿ), ಒಕ್ಕದ (ಕೊಡವ ಮನೆತನದ) ಆಸ್ತಿ, ಅವಳಿಗೆ ಒಂದು ಕಾಸೂ ಬರುವುದಿಲ್ಲ’ ಎಂದು ಗಂಡಿನ ಕಡೆಯವರು. ‘ಕಾನೂನು ಪ್ರಕಾರ ತೋಟದಲ್ಲಿ ಅರ್ಧ ನಮ್ಮದು’ ಎಂದು ಹೆಣ್ಣಿನ ಕಡೆಯವರು. ಎರಡೂ ತಪ್ಪು. ಈ ಎರಡು ತಪ್ಪುಗಳ ನಡುವೆ ಚೌಕಾಸಿ ಮಾಡಿ ಒಂದು ಮೊತ್ತಕ್ಕೆ ಒಪ್ಪಿ, ಇಬ್ಬರ ಒಪ್ಪಿಗೆಯ ವಿಚ್ಛೇದನಕ್ಕೆಂದು ಎರಡು ಪುಟದ ರಾಜಿ ಅರ್ಜಿಗೆ ಸಹಿ ಹಾಕಿದವರು ಆಮೇಲೆ ವರ್ಷಗಟ್ಟಲೆ ತಾಲ್ಲೂಕು ಕಚೇರಿ, ಬ್ಯಾಂಕು, ಕೋರ್ಟು ಎಂದು ಅಲೆಯುತ್ತಾರೆ. ಅದಕ್ಕಾಗಿ ಈ ಪತ್ರ.

ಗಂಡ ಹೆಂಡತಿ ಗಳಿಸಿದ್ದೆಲ್ಲ ಇಬ್ಬರಿಗೂ ಸಮ ಎನ್ನುವ ಪದ್ಧತಿ ನಮ್ಮ ದೇಶದಲ್ಲಿ ಗೋವಾದಲ್ಲಿ ಇದೆ. ಅಲ್ಲಿ ಪೋರ್ಚುಗೀಸರ ಕಾಲದ ಸಿವಿಲ್ ಸಂಹಿತೆ ಈಗಲೂ ನಡೆಯುತ್ತಿದೆ. ಕರ್ನಾಟಕದಲ್ಲಿ ಆಸ್ತಿ ಯಾರ ಹೆಸರಿನಲ್ಲಿದೆಯೋ ಅವರದು. ಮದುವೆಯಾದ ಮಾತ್ರಕ್ಕೆ ಅದರಲ್ಲಿ ಪಾಲು ಹುಟ್ಟುವುದಿಲ್ಲ. ಗಂಡನ ಮನೆಯಲ್ಲಿ ಹೆಂಡತಿಗೆ ಪಾಲು ಕೊಡುವ ತಿದ್ದುಪಡಿ ಮಸೂದೆಯೊಂದನ್ನು ರಾಜ್ಯಸಭೆ 2013ರಲ್ಲಿ ಅಂಗೀಕರಿಸಿತ್ತು. ಲೋಕಸಭೆಯಲ್ಲಿ ಅದು ಪಾಸಾಗಲಿಲ್ಲ, 2014ರಲ್ಲಿ ಸಭೆಯ ಅವಧಿ ಮುಗಿದಾಗ ಬಿದ್ದುಹೋಯಿತು. ಹಾಗಾಗಿ ‘ಅರ್ಧ’ ಎನ್ನುವುದು ಸದ್ಯಕ್ಕೆ ನಮಗೆ ಅನ್ವಯಿಸುವ ಯಾವ ಕಾಯ್ದೆಯಲ್ಲೂ ಇಲ್ಲ. ಆದರೆ ‘ಏನೂ ಇಲ್ಲ’ ಎನ್ನುವುದೂ ಸುಳ್ಳು. ಮಾತುಕತೆಗೆ ಕೂರುವ ಮುಂಚೆ ಮೂರು ಪಟ್ಟಿ ಬೇರೆ ಬೇರೆಯಾಗಿ ಬರೆಯಬೇಕು: ಅವರವರಿಗೆ ಹಿಂತಿರುಗಿಸಬೇಕಾದದ್ದು, ಇಬ್ಬರ ನಡುವೆ ಹಂಚಬೇಕಾದದ್ದು, ಒಬ್ಬರು ಇನ್ನೊಬ್ಬರಿಗೆ ಜೀವನಕ್ಕೆ ಕೊಡಬೇಕಾದದ್ದು. ನಾವು ಕಂಡಂತೆ ಅನ್ಯಾಯ ಆಗುವುದು ಬಹುಪಾಲು ಈ ಮೂರನ್ನೂ ಕಲಸಿ ‘ಒಟ್ಟು ಹದಿನೈದು ಲಕ್ಷ ಕೊಟ್ಟು ಮುಗಿಸೋಣ’ ಎಂದಾಗ. ಆ ಹದಿನೈದು ಲಕ್ಷದಲ್ಲಿ ಒಡವೆಯ ಬೆಲೆಯೇ ಹನ್ನೆರಡು ಲಕ್ಷ ಇದ್ದರೆ, ಆ ಹೆಣ್ಣುಮಗಳಿಗೆ ಜೀವನಾಂಶವಾಗಿ ಸಿಕ್ಕಿದ್ದು ಮೂರೇ ಲಕ್ಷ. ಉಳಿದದ್ದು ಮೊದಲೇ ಅವಳದ್ದಾಗಿತ್ತು.

ಮೊದಲ ಪಟ್ಟಿಯಲ್ಲಿ ಬರುವುದು ಸ್ತ್ರೀಧನ. ಮದುವೆಗೆ ಮುಂಚೆ, ಮದುವೆಯಲ್ಲಿ, ಮದುವೆಯ ನಂತರ ಅವಳಿಗೆಂದು ಕೊಟ್ಟದ್ದೆಲ್ಲ, ತವರಿನವರು ಕೊಟ್ಟಿರಲಿ, ಗಂಡನ ಮನೆಯವರು ಕೊಟ್ಟಿರಲಿ, ಪೂರ್ತಿಯಾಗಿ ಅವಳದೇ. ಗಂಡನ ಕೈಗೆ ಜೋಪಾನಕ್ಕೆ ಕೊಟ್ಟರೂ ಅದು ಜಂಟಿ ಆಸ್ತಿ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1985ರ ಪ್ರತಿಭಾ ರಾಣಿ ಪ್ರಕರಣದಲ್ಲೇ ಹೇಳಿದೆ. ಕಷ್ಟಕಾಲದಲ್ಲಿ ಗಂಡ ಅದನ್ನು ಬಳಸಿದರೂ ಹಿಂತಿರುಗಿಸುವ ಹೊಣೆ ಅವನದು ಎಂದು 2024ರ ಏಪ್ರಿಲಿನಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಮತ್ತೆ ಹೇಳಿತು. ಅಲ್ಲಿ ವಿವಾದ ಇದ್ದದ್ದು 89 ಪವನ್ ಚಿನ್ನದ ಬಗ್ಗೆ; ಕೊಡಿಸಿದ್ದು 25 ಲಕ್ಷ ರೂಪಾಯಿ.

ಹಕ್ಕು ಇದೆ ಸರಿ, ಸಾಬೀತು ಮಾಡುವುದು ಹೇಗೆ? ವಧೂವರರಿಗೆ ಬಂದ ಉಡುಗೊರೆಗಳ ಪಟ್ಟಿ ಮಾಡಿ ಸಹಿ ಹಾಕಿ ಇಡಬೇಕೆಂದು ವರದಕ್ಷಿಣೆ ನಿಷೇಧ ಕಾಯ್ದೆಯಡಿ 1985ರಿಂದ ನಿಯಮವೇ ಇದೆ. ಮಾಡಿಟ್ಟವರನ್ನು ಹುಡುಕಬೇಕು. ಪಟ್ಟಿ ಇಲ್ಲದಿದ್ದರೆ ಮದುವೆಯ ಫೋಟೊ, ಚಿನ್ನದಂಗಡಿಯ ಬಿಲ್ಲು, ಎರಡೂ ಕಡೆಯ ಅರುವರ (ಮದುವೆಯಲ್ಲಿ ಒಕ್ಕದ ಪರವಾಗಿ ನಿಂತು ಮಾತಾಡುವವರ) ಸಾಕ್ಷ್ಯ ಬೇಕಾಗುತ್ತದೆ. ಇವೆಲ್ಲಕ್ಕಿಂತ ಗಟ್ಟಿಯಾದ ದಾಖಲೆ ಒಂದಿದೆ, ಅದನ್ನು ಯಾರೂ ನೆನಪಿಸಿಕೊಳ್ಳುವುದಿಲ್ಲ: ಬ್ಯಾಂಕಿನ ಅಥವಾ ಸೊಸೈಟಿಯ ಚಿನ್ನದ ಸಾಲದ ಚೀಟಿ. ತೋಟದ ಖರ್ಚಿಗೆಂದು ಹೆಂಡತಿಯ ಒಡವೆ ಅಡವಿಡದ ಮನೆ ಕಡಿಮೆ. ಆ ಚೀಟಿಯಲ್ಲಿ ಒಂದೊಂದು ಒಡವೆಯ ಹೆಸರು, ಒಟ್ಟು ತೂಕ, ಕಲ್ಲು ಅರಗು ಕಳೆದ ನಿವ್ವಳ ತೂಕ, ತಾರೀಖು ಎಲ್ಲ ಇರುತ್ತದೆ.

ನಿವ್ವಳ ತೂಕದ ಮಾತು ಕೊಡಗಿನ ಒಡವೆಗೆ ಬಹಳ ಮುಖ್ಯ. ಜೋಮಾಲೆ ಎಂಬ ಸರದ ಚಿನ್ನದ ಗುಂಡುಗಳು ಒಳಗೆ ಟೊಳ್ಳು. ಅರಗು ತುಂಬಿ ಕಪ್ಪು ದಾರದಲ್ಲಿ ಪೋಣಿಸಿರುತ್ತಾರೆ. ತಕ್ಕಡಿಯಲ್ಲಿ ಇಟ್ಟಾಗ ಬರುವ ತೂಕ ಚಿನ್ನದ ತೂಕವಲ್ಲ. ಕೊಕ್ಕೆತಾತಿಯಲ್ಲಿ (ಅರ್ಧಚಂದ್ರ ಪದಕದ ಸರದಲ್ಲಿ) ಕೆಂಪುಕಲ್ಲಿನ ತೂಕವೂ ಸೇರಿರುತ್ತದೆ. ಒಂದು ಕಡೆಯವರು ಒಟ್ಟು ತೂಕ ಹಿಡಿದು ಕೇಳುತ್ತಾರೆ, ಇನ್ನೊಂದು ಕಡೆಯವರು ‘ಕರಗಿಸಿದರೆ ಇಷ್ಟೇ’ ಎನ್ನುತ್ತಾರೆ, ಜಗಳ ಅಲ್ಲೇ ನಿಲ್ಲುತ್ತದೆ. ಒಡವೆ ಕೈಯಲ್ಲಿದ್ದರೆ ಬೆಲೆ ಕಟ್ಟುವ ಗೋಜಿಗೇ ಹೋಗಬೇಡಿ, ಒಡವೆಯನ್ನೇ ಹಿಂದಕ್ಕೆ ಕೊಡಿ. ತಾಯಿ ಕೊಟ್ಟ ಪತ್ತಾಕ್‌ಗೆ (ಕೊಡವ ಹೆಣ್ಣಿನ ತಾಳಿಯಂಥ ಒಡವೆಗೆ) ಬದಲಾಗಿ ಡಿಡಿ ಕೊಡುವುದು ನ್ಯಾಯವೂ ಅಲ್ಲ, ಸಮಾಧಾನವೂ ಅಲ್ಲ. ಒಡವೆ ಮಾರಿಹೋಗಿದ್ದರೆ ನಿವ್ವಳ ತೂಕಕ್ಕೆ, ಹಣ ಕೊಡುವ ದಿನದ ದರ ಎಂದು ಬರೆಯಿರಿ. ಸಹಿ ಹಾಕುವ ದಿನದ ದರ ಬರೆದು ಒಂದು ವರ್ಷ ಬಿಟ್ಟು ಕೊಟ್ಟರೆ ಆಗುವ ನಷ್ಟ ಚಿಕ್ಕದಲ್ಲ. ಅಡವಿನಲ್ಲಿದ್ದರೆ ಯಾವ ಬ್ಯಾಂಕು, ಯಾವ ಸಾಲದ ನಂಬರು, ಯಾವ ತಾರೀಖಿನೊಳಗೆ ಯಾರು ಬಿಡಿಸಿಕೊಡಬೇಕು, ಬಡ್ಡಿ ಯಾರದು ಎಂಬುದು ಅರ್ಜಿಯಲ್ಲಿ ಬರಬೇಕು. ಲಾಕರ್ ಜಂಟಿಯಾಗಿದ್ದರೆ ಇಬ್ಬರೂ ಒಟ್ಟಿಗೆ ಹೋಗಿ, ತಲಾ ಒಬ್ಬ ಸಾಕ್ಷಿ ಇಟ್ಟುಕೊಂಡು ತೆರೆದು, ಪಟ್ಟಿ ಮಾಡಿ ಸಹಿ ಹಾಕಿ. ಯಾರಾದರೂ ಮುಂಚೆಯೇ ಹೋಗಿ ಖಾಲಿ ಮಾಡಿದ್ದರೆ, ಯಾವ ದಿನ ಯಾರು ಲಾಕರ್ ತೆರೆದರು ಎಂಬುದು ಬ್ಯಾಂಕಿನ ರಿಜಿಸ್ಟರಿನಲ್ಲಿ ಇರುತ್ತದೆ; ಕೋರ್ಟಿನ ಮೂಲಕ ತರಿಸಬಹುದು.

ಹಿಂದೂ ವಿವಾಹ ಕಾಯ್ದೆಯ 27ನೇ ಕಲಂ ಪ್ರಕಾರ, ಮದುವೆಯ ಸಂದರ್ಭದಲ್ಲಿ ಇಬ್ಬರಿಗೂ ಸೇರಿ ಬಂದ ವಸ್ತುಗಳನ್ನು ಹೇಗೆ ಹಂಚಬೇಕೆಂದು ವಿಚ್ಛೇದನದ ಡಿಕ್ರಿಯಲ್ಲೇ ಕೋರ್ಟು ಹೇಳಬಹುದು. ‘ಡಿಕ್ರಿಯಲ್ಲೇ’ ಎಂಬ ಮಾತನ್ನು ಗಮನಿಸಬೇಕು. ಅದೇ ಕೇಸಿನಲ್ಲಿ ಕೇಳದೆ ಬಿಟ್ಟರೆ ಆಮೇಲೆ ಈ ಕಲಮಿನಡಿ ಬಾಗಿಲು ಮುಚ್ಚಿತು. 25ನೇ ಕಲಮಿನ ಶಾಶ್ವತ ಜೀವನಾಂಶ ಹಾಗಲ್ಲ, ಡಿಕ್ರಿಯ ನಂತರವೂ ಕೇಳಬಹುದು. ಅಂತರ್ಜಾತಿ, ಅಂತರ್ಧರ್ಮೀಯ ಜೋಡಿಗಳು ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಿದ್ದರೆ ಅಲ್ಲಿ 27ರಂಥ ಕಲಂ ಇಲ್ಲ, ಜೀವನಾಂಶದ್ದು ಮಾತ್ರ ಇದೆ. ಮುಸ್ಲಿಂ ಹೆಣ್ಣುಮಕ್ಕಳಿಗೆ ಮೆಹ್ರ್ ಜೊತೆಗೆ ಮದುವೆಯ ಮುಂಚೆ ಮತ್ತು ನಂತರ ಬಂದ ಉಡುಗೊರೆಗಳೆಲ್ಲ ಹಿಂದಕ್ಕೆ ಬರಬೇಕೆಂದು 1986ರ ಕಾಯ್ದೆ ಹೇಳುತ್ತದೆ.

ಎರಡನೇ ಪಟ್ಟಿ ಜಮೀನು ಮತ್ತು ಮನೆಯದು. ನಮ್ಮ ಜಿಲ್ಲೆಯ ತೊಡಕೆಲ್ಲ ಇಲ್ಲೇ ಇದೆ.

ಕೊಡವ ಮದುವೆಯಲ್ಲಿ ಸಮ್ಮಂದ ಕೊಡುವಾಗ ಅರುವರು ಕಲ್ಲಿನ ಹರಳು ಎಣಿಸಿ ಕೊಡುತ್ತಾರೆ. ಬಂದ ಹೆಣ್ಣಿಗೆ ಆ ಒಕ್ಕದಲ್ಲಿ ಹಕ್ಕಿದೆ ಎಂಬುದಕ್ಕೆ ಅದು ಎಲ್ಲರೆದುರಿನ ಗುರುತು. ಬಹಳ ದೊಡ್ಡ ಮಾತು ಅದು. ಆದರೆ ಆ ಹರಳು ಪಹಣಿಯ 9ನೇ ಕಾಲಮಿನಲ್ಲಿ ಬರುವುದಿಲ್ಲ. ಅಲ್ಲಿ ಇರುವುದು ಪಟ್ಟೇದಾರರ (ಒಕ್ಕದ ಹಿರಿಯರ) ಹೆಸರು, ಅದರ ಹಿಂದೆ ಅಣ್ಣತಮ್ಮಂದಿರು, ದಾಯಾದಿಗಳು, ಎಷ್ಟೋ ಕಡೆ ತೀರಿಹೋದವರೂ. ಇಂಥ ಜಮ್ಮಾ ಬಾಣೆಯಲ್ಲಿ (ಜಮ್ಮಾ ಗದ್ದೆಗೆ ಸೇರಿದ ಗುಡ್ಡದ ಜಾಗದಲ್ಲಿ) ‘ನನ್ನ ಪಾಲಿನ ಎರಡು ಎಕರೆ ನಿನಗೆ ಬರೆದುಕೊಡುತ್ತೇನೆ’ ಎಂದು ಗಂಡ ರಾಜಿ ಅರ್ಜಿಯಲ್ಲಿ ಒಪ್ಪಿದರೆ ಅದು ಕಾಗದದ ಮೇಲಿನ ತೋಟ. ಅವನ ಪಾಲು ಯಾವುದು ಎಂದೇ ಇನ್ನೂ ಗೊತ್ತಾಗಿಲ್ಲ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ತನ್ನ ವಿಭಾಗವಾಗದ ಪಾಲನ್ನು ಉಳಿದವರ ಒಪ್ಪಿಗೆ ಇಲ್ಲದೆ ದಾನ ಕೊಡಲು ಬರುವುದಿಲ್ಲ ಎಂಬುದು ಸುಪ್ರೀಂ ಕೋರ್ಟಿನ 1987ರ ತೀರ್ಪು. ಮೊದಲು ಒಕ್ಕದವರ ನಡುವೆ ವಿಭಾಗ ಪತ್ರ ನೋಂದಣಿ ಆಗಬೇಕು, 11ಇ ನಕ್ಷೆ (ಭಾಗವಾಗುವ ಜಾಗದ ಸರ್ವೆ ನಕ್ಷೆ) ಆಗಬೇಕು, ಪೋಡಿ ಆಗಿ (ಸರ್ವೆ ನಂಬರು ಬೇರೆಯಾಗಿ) ಅವನೊಬ್ಬನ ಹೆಸರಿಗೆ ಪಹಣಿ ಬರಬೇಕು. ಆಮೇಲಷ್ಟೇ ಅವನು ಏನನ್ನಾದರೂ ಕೊಡಬಲ್ಲ. ಅಷ್ಟು ಕಾಯಲು ಆಗದಿದ್ದರೆ ಜಾಗದ ಆಸೆ ಬಿಟ್ಟು ಹಣ ಕೇಳುವುದು ಒಳ್ಳೆಯದು. ಕಂತಿನಲ್ಲಿ ಕೊಡುವುದಾದರೆ, ಅವನ ಸ್ವಂತ ಹೆಸರಿನಲ್ಲಿರುವ ಬೇರೆ ಯಾವುದಾದರೂ ಜಾಗದ ಮೇಲೆ ಆ ಹಣಕ್ಕೆ ಭಾರ ಇಡುವಂತೆ (ಜಾಗವನ್ನೇ ಹೊಣೆ ಮಾಡುವಂತೆ) 25ನೇ ಕಲಮಿನಡಿ ಕೋರ್ಟನ್ನು ಕೇಳಬಹುದು. ಆ ಭಾರ ಸಬ್ ರಿಜಿಸ್ಟ್ರಾರ್ ಕಚೇರಿಯ ಋಣಭಾರ ಪತ್ರದಲ್ಲೂ ಪಹಣಿಯ 11ನೇ ಕಾಲಮಿನಲ್ಲೂ ಬಂದಿದೆಯೇ ಎಂದು ನೋಡಿಕೊಳ್ಳದೆ ಬಿಡಬಾರದು. ಅಲ್ಲಿ ಬಾರದಿದ್ದರೆ ಜಾಗ ಕೊಂಡವನು ‘ನನಗೆ ಗೊತ್ತಿರಲಿಲ್ಲ’ ಎಂದು ಕೈ ತೊಳೆದುಕೊಳ್ಳುತ್ತಾನೆ.

ಗಂಡಿನ ಕಡೆಗೂ ಇದೇ ನ್ಯಾಯ ಸಲ್ಲಬೇಕು. ಮಾವ ತನ್ನ ದುಡಿಮೆಯಲ್ಲಿ ಕೊಂಡ ತೋಟ ಮಾವನದು. ಮಗನ ವಿಚ್ಛೇದನಕ್ಕೆ ಅದನ್ನು ಎಳೆದುತರಲು ಬರುವುದಿಲ್ಲ. ಅತ್ತೆ ಮಾವನ ಹೆಸರಿನ ಮನೆಯಲ್ಲಿ ಸೊಸೆ ಸಂಸಾರ ಮಾಡಿದ್ದರೆ ಅಲ್ಲಿ ವಾಸದ ಹಕ್ಕು ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದ್ದು ನಿಜ. ಆದರೆ ವಾಸದ ಹಕ್ಕು ಬೇರೆ, ಒಡೆತನ ಬೇರೆ. ಹಾಗೆಯೇ, ಗಂಡ ತನ್ನ ಲೆಕ್ಕಕ್ಕೆ ಸಿಗುವ ಆದಾಯದಿಂದ ಹೆಂಡತಿಯ ಹೆಸರಿಗೆ ಸೈಟು ಕೊಂಡಿದ್ದರೆ 2016ರ ತಿದ್ದುಪಡಿಯ ನಂತರ ಅದನ್ನು ಬೇನಾಮಿ ಎನ್ನಲಾಗದು. ಹಣ ಅವನದ್ದು, ದಾಖಲೆ ಅವಳದ್ದು; ಇದನ್ನು ಜೀವನಾಂಶದ ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂಬುದನ್ನು ಬಾಯಿಬಿಟ್ಟು ಮಾತಾಡಿ ಬರೆಯಬೇಕು. ಅವಳಿಗೆ ತವರಿನಿಂದ ಮಗಳಾಗಿ ಬಂದ ಪಾಲಿನ ಮೇಲೆ ಗಂಡನಿಗೆ ಯಾವ ಹಕ್ಕೂ ಇಲ್ಲ.

ಅತಿ ಹೆಚ್ಚು ಕಣ್ಣೀರು ಬರಿಸುವುದು ಹೋಂಸ್ಟೇ. ಜಾಗ ಗಂಡನ ಮನೆಯದು, ಕಟ್ಟಡಕ್ಕೆ ಹೋದದ್ದು ಅವಳ ಒಡವೆ ಮಾರಿದ ಹಣ, ಅಡುಗೆ, ಬುಕಿಂಗ್, ಅತಿಥಿಗಳ ಉಪಚಾರ ಎಲ್ಲ ಅವಳದು. ಕಟ್ಟಡ ಜಾಗದ ಜೊತೆ ಹೋಗುತ್ತದೆ. ಅವಳಿಗೆ ಉಳಿಯುವುದು ಹಾಕಿದ ಹಣವನ್ನು ಕೇಳುವ ಹಕ್ಕು. ಅದಕ್ಕೆ ಬ್ಯಾಂಕಿನಿಂದ ಬ್ಯಾಂಕಿಗೆ ಹೋದ ಹಣದ ದಾಖಲೆ, ಮೇಸ್ತ್ರಿಗೆ ಕೊಟ್ಟ ಚೆಕ್ಕು, ಸಿಮೆಂಟು ಟೈಲ್ಸಿನ ಬಿಲ್ಲು ಬೇಕು. ನಗದು ಕೊಟ್ಟದ್ದಕ್ಕೆ ಸಾಕ್ಷಿ ಇಲ್ಲ. ಸಂಸಾರ ಚೆನ್ನಾಗಿರುವಾಗಲೇ, ಹಣ ಹಾಕುವ ಮೊದಲೇ, ಒಂದು ಪಾಲುದಾರಿಕೆ ಪತ್ರ ಮಾಡಿಕೊಳ್ಳುವುದರಲ್ಲಿ ಅವಮಾನ ಏನೂ ಇಲ್ಲ. ಅಣ್ಣತಮ್ಮಂದಿರು ಮಾಡಿಕೊಳ್ಳುವುದಿಲ್ಲವೇ?

ಜಂಟಿ ಹೆಸರಿನ ಮನೆ ಇದ್ದರೆ ಒಬ್ಬರು ಇನ್ನೊಬ್ಬರಿಗೆ ಹಕ್ಕು ಬಿಡುಗಡೆ ಪತ್ರ ಮಾಡಿಕೊಡಬೇಕು. ಇಲ್ಲಿ ದಿನಾಂಕ ಮುಖ್ಯ. ಗಂಡ ಹೆಂಡತಿ ನಡುವಿನ ದಾನ, ಬಿಡುಗಡೆ ಪತ್ರಗಳಿಗೆ ರಾಜ್ಯದಲ್ಲಿ ಮುದ್ರಾಂಕ ಶುಲ್ಕದ ರಿಯಾಯಿತಿ ಇದೆ. ಡಿಕ್ರಿ ಆದ ಮರುದಿನ ಅವರು ಗಂಡ ಹೆಂಡತಿ ಅಲ್ಲ, ರಿಯಾಯಿತಿಯೂ ಇಲ್ಲ. ಆದ್ದರಿಂದ ಪತ್ರದ ನೋಂದಣಿಯನ್ನು ಎರಡನೇ ಹಾಜರಿಯ (ಇಬ್ಬರೂ ಕೋರ್ಟಿಗೆ ಬಂದು ಕೊನೆಯ ಒಪ್ಪಿಗೆ ಹೇಳುವ ದಿನದ) ಮುಂಚಿನ ವಾರಕ್ಕೆ ಇಟ್ಟುಕೊಳ್ಳುವುದು ಜಾಣತನ. ಸಾಲ ಇದ್ದರೆ ಅದರ ಮಾತೇ ಬೇರೆ. ‘ಇನ್ನು ಮುಂದೆ ಸಾಲ ಗಂಡನೇ ಕಟ್ಟತಕ್ಕದ್ದು’ ಎಂದು ಡಿಕ್ರಿಯಲ್ಲಿ ಬಂದರೂ ಬ್ಯಾಂಕಿಗೆ ಅದು ಅನ್ವಯಿಸುವುದಿಲ್ಲ. ಸಾಲಪತ್ರಕ್ಕೆ ಸಹಿ ಹಾಕಿದವಳು ಸಹಸಾಲಗಾರಳಾಗಿಯೇ ಉಳಿಯುತ್ತಾಳೆ. ಸೊಸೈಟಿಯ ಬೆಳೆಸಾಲಕ್ಕೆ ಜಾಮೀನು ನಿಂತಿದ್ದರೂ ಹಾಗೆಯೇ. ಸಾಲ ತೀರಿಸಬೇಕು, ಇಲ್ಲವೇ ಒಬ್ಬರ ಹೆಸರಿಗೆ ಹೊಸ ಸಾಲ ಮಾಡಿಸಿ ಇನ್ನೊಬ್ಬರನ್ನು ಬಿಡುಗಡೆ ಮಾಡಿದ್ದೇವೆಂದು ಬ್ಯಾಂಕಿನ ಪತ್ರ ತರಬೇಕು. ಆ ಪತ್ರ ಕೈಗೆ ಬಂದ ಮೇಲೆ ಕೊನೆಯ ಸಹಿ.

ಮೂರನೆಯದು ಜೀವನಾಂಶ. ಸಂಬಳದವರಿಗೆ ಸ್ಲಿಪ್ ಇದೆ. ನಿವ್ವಳ ಸಂಬಳದ 25 ಶೇಕಡಾ ಎಂದು 2017ರ ಒಂದು ತೀರ್ಪಿನಲ್ಲಿ ಬಂದದ್ದನ್ನು ಎಲ್ಲರೂ ಬಾಯಿಪಾಠ ಮಾಡಿದ್ದಾರೆ, ಆದರೆ ಅದು ಖಾಯಂ ಅಳತೆ ಅಲ್ಲ. ತೋಟದವರ ವಿಷಯದಲ್ಲಿ ಆದಾಯ ತೆರಿಗೆ ರಿಟರ್ನ್ ನೋಡಿದರೆ ಪೂರ್ತಿ ಚಿತ್ರ ಸಿಗುವುದಿಲ್ಲ, ಏಕೆಂದರೆ ಚೆರಿಯಾಗಿಯೋ (ಒಣಗಿಸಿದ ಹಣ್ಣು) ಪಾರ್ಚ್‌ಮೆಂಟ್ ಆಗಿಯೋ (ಹಣ್ಣಿನ ಸಿಪ್ಪೆ ಬಿಡಿಸಿ ಒಣಗಿಸಿದ ಬೀಜ) ಮಾರಿದ ಕಾಫಿ ಕೃಷಿ ಆದಾಯ, ಅದಕ್ಕೆ ಆ ತೆರಿಗೆ ಇಲ್ಲ. ಇದಕ್ಕೆ ದಾರಿ ಇದೆ. 2020ರ ನವೆಂಬರ್ 4ರ ರಜನೀಶ್ ವಿರುದ್ಧ ನೇಹಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಇಬ್ಬರೂ ಆಸ್ತಿ, ಆದಾಯ, ಸಾಲದ ಪ್ರಮಾಣಪತ್ರ ಸಲ್ಲಿಸುವುದು ಕಡ್ಡಾಯ ಎಂದಿತು. ಕೃಷಿಕರಿಗೆ ಬೇರೆ ನಮೂನೆಯನ್ನೇ ಕೊಟ್ಟಿದೆ. ಎಷ್ಟು ಜಮೀನು, ಅದರಲ್ಲಿ ಪಾಲೆಷ್ಟು, ಯಾವ ಬೆಳೆ, ಕಳೆದ 3 ವರ್ಷದ ಆದಾಯ, ಜಾನುವಾರು, ಸಾಲ ಎಲ್ಲ ಅದರಲ್ಲಿ ಬರೆಯಬೇಕು. ಸಂಬಳದವರ ನಮೂನೆಯನ್ನೇ ತೋಟದವರೂ ತುಂಬಿ ‘ಅನ್ವಯಿಸುವುದಿಲ್ಲ’ ಎಂದು ಗೆರೆ ಎಳೆದು ಕೊಟ್ಟರೆ ಎದುರಿನವರು ಸುಮ್ಮನಿರಬಾರದು. ಕೃಷಿಕರ ನಮೂನೆಯನ್ನೇ ಸಲ್ಲಿಸುವಂತೆ ಕೇಳಿ.

ಮೂರು ವರ್ಷ ಏಕೆ? ಕಾಫಿ ಒಂದು ವರ್ಷ ಚೆನ್ನಾಗಿ ಫಸಲು ಬಿಟ್ಟರೆ ಮರುವರ್ಷ ಕೈಕೊಡುತ್ತದೆ. ಐದು ಎಕರೆ ರೊಬಸ್ಟಾದಲ್ಲಿ ಒಂದು ವರ್ಷ 80 ಚೀಲ ಚೆರಿ, ಮರುವರ್ಷ 130, ಅದರ ಮರುವರ್ಷ ಹೂವಿನ ಮಳೆ ಹಿಂದೆಮುಂದಾಗಿ 72 ಬಂತೆನ್ನಿ. 130ರ ವರ್ಷದ ಬಿಲ್ಲು ಹಿಡಿದು ಹೆಂಡತಿ ವಾದಿಸಿದರೂ ತಪ್ಪು, 72ರದ್ದು ತೋರಿಸಿ ಗಂಡ ಅತ್ತರೂ ತಪ್ಪು. ಸರಾಸರಿ 94 ಚೀಲ. 50 ಕಿಲೋ ಚೀಲಕ್ಕೆ ಔಟ್‌ಟರ್ನ್ (ಸಿಪ್ಪೆ ಕಳೆದು ಸಿಗುವ ಬೇಳೆ) 27 ಕಿಲೋ ಎಂದರೆ 2,538 ಕಿಲೋ ಬೇಳೆ. ಅದರ ಬೆಲೆಯಿಂದ ಕೊಯ್ಲಿನ ಕೂಲಿ, ಗೊಬ್ಬರ, ನೀರು ಹಾಯಿಸಿದ ಡೀಸೆಲ್, ಮರ ಕಪಾತು, ಔಷಧಿ ಖರ್ಚು ಕಳೆಯಬೇಕು. ಮರಕ್ಕೆ ಹಬ್ಬಿಸಿದ ಕರಿಮೆಣಸನ್ನು ಬೇರೆಯಾಗಿ ಸೇರಿಸಬೇಕು. ಕಾಫಿ ಲೆಕ್ಕ ಕೊಟ್ಟು ಮೆಣಸನ್ನು ಮರೆಯುವವರು ಬಹಳ. ದಾಖಲೆ ಎಲ್ಲಿ ಎಂದರೆ ಕ್ಯೂರಿಂಗ್ ವರ್ಕ್ಸಿನ (ಕಾಫಿ ಸಂಸ್ಕರಿಸುವ ಘಟಕದ) ಔಟ್‌ಟರ್ನ್ ವರದಿ, ವ್ಯಾಪಾರಿಯ ಬಿಲ್ಲು, ಗೊಬ್ಬರದ ಸೊಸೈಟಿಯ ಲೆಡ್ಜರ್. ಕೇಸು ಬಿದ್ದ ವರ್ಷ ಕಾಫಿ ಅಣ್ಣನ ಹೆಸರಿನಲ್ಲೋ ಅಮ್ಮನ ಹೆಸರಿನಲ್ಲೋ ಮಾರಾಟವಾಗಿದ್ದರೆ ಗೊಬ್ಬರ ಕೊಂಡವರ ಹೆಸರು ಅದನ್ನು ಹೊರಗೆ ಹಾಕುತ್ತದೆ. ಸಿಲ್ವರ್ ಓಕ್ ಮರಗಳಿಗೆ ಬೇರೆ ಬೆಲೆ ಇದೆ. ಆದರೆ ಅನ್‌ರಿಡೀಮ್ಡ್ ಜಾಗದ (ಮರಗಳ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಳ್ಳದ ಜಾಗದ) ಬೀಟೆಯಂಥ ಮರಗಳನ್ನು ಗಂಡನ ಆಸ್ತಿ ಎಂದು ಲೆಕ್ಕ ಹಾಕಬೇಡಿ, ಅವುಗಳ ಮೇಲೆ ಸರ್ಕಾರದ ಹಕ್ಕಿದೆ.

ಜೀವನಾಂಶವನ್ನು ಗಂಡನೂ ಕೇಳಬಹುದು, ಹಿಂದೂ ವಿವಾಹ ಕಾಯ್ದೆಯ 24 (ಕೇಸು ನಡೆಯುವಾಗಿನ ಜೀವನಾಂಶ) ಮತ್ತು 25ನೇ ಕಲಂ ಇಬ್ಬರಿಗೂ ಒಂದೇ. ಮಕ್ಕಳ ವಿಷಯ ಮಾತ್ರ ಬೇರೆ. ‘ಮಕ್ಕಳಿಗೂ ನನಗೂ ಇನ್ನು ಮುಂದೆ ಏನೂ ಬೇಡ’ ಎಂದು ತಾಯಿ ಬರೆದುಕೊಟ್ಟರೂ ಮಕ್ಕಳ ಜೀವನಾಂಶದ ಹಕ್ಕು ಹೋಗುವುದಿಲ್ಲ. ಪಿತ್ರಾರ್ಜಿತದಲ್ಲಿ ಮಗನಿಗೂ ಮಗಳಿಗೂ ಹುಟ್ಟಿನಿಂದ ಬಂದ ಪಾಲನ್ನು ಅಪ್ಪ ಅಮ್ಮ ಇಬ್ಬರೂ ಸೇರಿ ಸಹಿ ಹಾಕಿದರೂ ಅಳಿಸಲು ಬರುವುದಿಲ್ಲ.

ಕೊನೆಗೆ ಅರ್ಜಿ ಬರೆಯುವ ಬಗ್ಗೆ. ಊರಿನ ಹಿರಿಯರ ಮುಂದೆ ಛಾಪಾ ಕಾಗದದಲ್ಲಿ ಬರೆದ ಬಿಡುಗಡೆ ಪತ್ರದಿಂದ ಜಮೀನು ಕೈ ಬದಲಾಗುವುದಿಲ್ಲ. ಹಿರಿಯರು ಕೂಡಿಸಿ ಮಾತಾಡಿಸಲಿ, ಅದು ಒಳ್ಳೆಯದೇ, ಅರುವರಿಗೆ ಎರಡೂ ಮನೆಯ ಗುಟ್ಟು ಗೊತ್ತಿರುತ್ತದೆ. ಬರಹ ಮಾತ್ರ ಹಿಂದೂ ವಿವಾಹ ಕಾಯ್ದೆಯ 13ಬಿ (ಇಬ್ಬರ ಒಪ್ಪಿಗೆಯ ವಿಚ್ಛೇದನದ) ಅರ್ಜಿಯಲ್ಲಿ ಬರಲಿ. ಜಾಗದ ಗ್ರಾಮ, ಸರ್ವೆ ನಂಬರು, ಎಕರೆ ಸೆಂಟು, ಚೆಕ್ಕುಬಂದಿ ಎಲ್ಲವೂ ಅರ್ಜಿಯ ಷೆಡ್ಯೂಲಿನಲ್ಲಿ ಇರಬೇಕು. ಕೇಸಿನ ವಿಷಯವೇ ಆಗಿರದ ಜಾಗವನ್ನು ರಾಜಿಯಲ್ಲಿ ತಂದರೆ, ಆ ಡಿಕ್ರಿಯನ್ನು ನೋಂದಣಿ ಮಾಡಿಸದೆ ಹಕ್ಕು ಬದಲಾಗುವುದಿಲ್ಲ ಎಂದು 1908ರ ನೋಂದಣಿ ಕಾಯ್ದೆಯ 17ನೇ ಕಲಂ ಹೇಳುತ್ತದೆ. ಖಾತೆ ಬದಲಾವಣೆಗೆ ಹೋದಾಗ ಇದು ಗೊತ್ತಾಗಿ ಹಣೆ ಚಚ್ಚಿಕೊಳ್ಳುವಂತಾಗುತ್ತದೆ.

ಹಣವನ್ನು ಒಂದೇ ಸಲ ಕೊಡಬೇಡಿ, ಒಂದೇ ಸಲ ಬಿಟ್ಟುಕೊಡಲೂ ಬೇಡಿ. ಮೊದಲ ಹಾಜರಿಗೂ ಎರಡನೆಯದಕ್ಕೂ ನಡುವೆ 6 ತಿಂಗಳ ಅಂತರ ಇದೆ. 2017ರ ಅಮರದೀಪ್ ಸಿಂಗ್ ತೀರ್ಪಿನ ಪ್ರಕಾರ ಸೂಕ್ತ ಪ್ರಕರಣದಲ್ಲಿ ಕೋರ್ಟು ಅದನ್ನು ಮನ್ನಾ ಮಾಡಬಹುದು. ಡಿಕ್ರಿ ಆಗುವ ತನಕ ಯಾರು ಬೇಕಾದರೂ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು. ಮೊದಲ ದಿನವೇ ಪೂರ್ತಿ ಹಣ ಕೊಟ್ಟ ಗಂಡ, ಮೊದಲ ದಿನವೇ ಎಲ್ಲ ಕೇಸು ವಾಪಸು ತೆಗೆದುಕೊಂಡ ಹೆಂಡತಿ, ಇಬ್ಬರೂ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಒಂದು ಭಾಗ ಮೊದಲ ಹಾಜರಿಗೆ, ಉಳಿದದ್ದು ಎರಡನೇ ಹಾಜರಿಯಲ್ಲಿ ನ್ಯಾಯಾಧೀಶರ ಎದುರು ಡಿಡಿಯಲ್ಲಿ, ಡಿಡಿ ನಂಬರು ಅರ್ಜಿಯಲ್ಲೇ ಬರೆದು. ತೋಟದವರು ಕಂತು ಕೇಳಿದರೆ ಪ್ರತಿ ತಿಂಗಳು ಎಂದು ಬರೆಸಬೇಡಿ, ಮಳೆಗಾಲದಲ್ಲಿ ಅವರ ಕೈಯಲ್ಲಿ ಹಣ ಇರುವುದಿಲ್ಲ, ಕಂತು ತಪ್ಪುತ್ತದೆ, ಮತ್ತೆ ಕೋರ್ಟು. ಕಾಫಿ ಮಾರಾಟವಾಗುವ ಮಾರ್ಚ್, ಏಪ್ರಿಲಿಗೆ ದೊಡ್ಡ ಕಂತು ಇಟ್ಟುಕೊಳ್ಳಿ, ಗಿಡದಲ್ಲಿರುವ ಈ ವರ್ಷದ ಫಸಲು ಯಾರದು ಎಂಬುದನ್ನೂ ಬರೆಯಿರಿ.

ವಕೀಲರ ಶುಲ್ಕಕ್ಕೆ ಹಣವಿಲ್ಲ ಎಂದು ಯಾವ ಹೆಣ್ಣುಮಗಳೂ ಓದದೆ ಸಹಿ ಹಾಕಬೇಕಾಗಿಲ್ಲ. ಮಹಿಳೆಯರಿಗೆ ಆದಾಯದ ಮಿತಿ ಇಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ, ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಬಹುದು, 15100ಕ್ಕೆ ಫೋನ್ ಮಾಡಲೂಬಹುದು. ಕೃಷಿಕರ ಆಸ್ತಿ ಪ್ರಮಾಣಪತ್ರದ ನಮೂನೆಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ, ಮಧ್ಯಸ್ಥಿಕೆ ನಡೆಯುವ ಕೊಠಡಿಯಲ್ಲೇ ಸಿಗುವಂತೆ ಮಾಡಬೇಕೆಂದು ಸಂಬಂಧಪಟ್ಟವರಲ್ಲಿ ನಮ್ಮ ವಿನಂತಿ.

ಡಿಕ್ರಿಯ ದೃಢೀಕೃತ ಪ್ರತಿ ಬಂದ ಮೇಲೂ ಕೆಲಸ ಉಳಿದಿರುತ್ತದೆ. ಬ್ಯಾಂಕು, ಪಿಎಫ್, ವಿಮೆಯಲ್ಲಿ ನಾಮಿನಿಯ ಹೆಸರು ವಿಚ್ಛೇದನದಿಂದ ತಾನಾಗಿ ಬದಲಾಗುವುದಿಲ್ಲ, ಅರ್ಜಿ ಕೊಟ್ಟು ಬದಲಿಸಬೇಕು. ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಹೆಂಡತಿ ಮಕ್ಕಳ ಹೆಸರಿನಲ್ಲಿ ಮಾಡಿಸಿದ ಪಾಲಿಸಿ ಇದ್ದರೆ ಗಂಡ ಅದನ್ನು ತನ್ನಿಷ್ಟದಂತೆ ಮುಟ್ಟುವಂತಿಲ್ಲ. ಬಾಂಡ್ ತೆಗೆದು ಮೊದಲ ಪುಟದಲ್ಲಿ ಆ ಕಾಯ್ದೆಯ ಹೆಸರು ಇದೆಯೇ ನೋಡಿ.

ಇಂತಿ,
ಕೌಟುಂಬಿಕ ಪ್ರಕರಣಗಳನ್ನು ನಡೆಸುವ ಇಬ್ಬರು ವಕೀಲರು, ವಿರಾಜಪೇಟೆ